ಒಣ ತಂಬಾಕು

ಹೊಳೆಗೆ ನಾಚಿಕೆ ಅನ್ನುವುದೇ ಇಲ್ಲ ನೋಡಿ. ಹಡಗಲಿ ಸೀಮೆಯಲ್ಲಿ ಒಂದು ಹನಿ ಬಿದ್ದಿರಲಿಲ್ಲ, ಎರೆಹೊಲಗಳು ಬಾಯಿ ಬಿಟ್ಟುಕೊಂಡು ಮಲಗಿದ್ದವು. ಆದರೂ ಎಲ್ಲೋ ಮಲೆನಾಡಿನಲ್ಲಿ ಸುರಿದ ಮಳೆಗೆ ತುಂಗಭದ್ರೆ ಕೆಂಪಗೆ ಉಬ್ಬಿಕೊಂಡು, ತನಗೆ ಯಾರ ಹಂಗೂ ಇಲ್ಲದಂತೆ ಎರಡೂ ದಂಡೆ ನೆಕ್ಕುತ್ತಾ ಹೋಗುತ್ತಿತ್ತು. ಎಮರ್ಜೆನ್ಸಿ ಮುಗಿದ ಮರುವರ್ಷದ ಆಷಾಢ ಅದು. ದಂಡೆಯ ಮೇಲೆ ಗಾಳೆಮ್ಮ ನಿಂತಿದ್ದಳು. ಕೂಡ್ಲಿಗಿಯಲ್ಲಿ ಬೆಳಗಿನ ಬಸ್ಸು ಹತ್ತಿ, ಕೊಟ್ಟೂರಿನಲ್ಲಿ ಬಸ್ಸು ಬದಲಿಸಿ, ಹಡಗಲಿಯಲ್ಲಿ ಇಳಿದು, ಅಲ್ಲಿಂದ ಬಿಸಿಲು ಹೊತ್ತುಕೊಂಡು ನಡೆದು ಬಂದಿದ್ದಳು. ಅವಳ ಮಡಿಲಲ್ಲಿ ಸೈಕಲ್ ಟ್ಯೂಬಿನ ಒಂದು ತುಂಡು ಇತ್ತು. ಅದರೊಳಗೆ ಅವ್ವನಿಗೆಂದು ತಂದ ತಂಬಾಕು ಇತ್ತು.

ಅವ್ವ ಎರ್ರೆಮ್ಮ ಇದ್ದದ್ದು ಹೊಳೆಯ ನಟ್ಟನಡುವಿನ ಗಡ್ಡೆಯಲ್ಲಿ. ಅಂಬಿಗರ ಒಂದಷ್ಟು ಗುಡಿಸಲು, ನಾಲ್ಕಾರು ಬೇವಿನ ಮರ, ಒಂದು ಗಂಗಮ್ಮನ ಕಟ್ಟೆ. ಬೇಸಿಗೆಯಲ್ಲಿ ಬಂಡೆಯಿಂದ ಬಂಡೆಗೆ ಕಾಲಿಟ್ಟುಕೊಂಡು ನಡೆದೇ ಹೋಗಬಹುದು. ಹೊಳೆ ಬಂತೋ, ಹರಿಗೋಲೇ ಗತಿ. ಹೊಳೆ ಹೀಗೆ ಬಂತೋ, ಹರಿಗೋಲೂ ಇಲ್ಲ, ದೇವರೇ ಗತಿ.

ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಗಾದೆ ಕಟ್ಟಿದ ಪುಣ್ಯಾತ್ಮ ಎರ್ರೆಮ್ಮನನ್ನು ನೋಡಿರಲಿಲ್ಲ ಅಂತ ಕಾಣುತ್ತದೆ. ಗಾಳೆಮ್ಮ ಅವಳಿಗೆ ಒಬ್ಬಳೇ ಮಗಳು. ಸ್ವಂತ ಅಣ್ಣನ ಮಗ ಹುಲುಗಣ್ಣನಿಗೆ ಕೊಡುವುದೆಂದು ಮಾತಾಗಿ, ಚಪ್ಪರಕ್ಕೆ ಗಳ ಕಡಿದು ತಂದಿದ್ದರು. ಅಷ್ಟರಲ್ಲಿ ಈ ಹುಡುಗಿ ಹಡಗಲಿ ಸಂತೆಯಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ಪಕ್ಕೀರಪ್ಪನ ಹಿಂದೆ ಕೂಡ್ಲಿಗಿಗೆ ಹೊರಟುಹೋದಳು. ಅವನು ಬೇರೆ ಕುಲದವನು, ಹೊಳೆ ಕಂಡರೆ ಹೆದರುವವನು. ಎರ್ರೆಮ್ಮ ಅಳಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಗಂಗಮ್ಮನ ಕಟ್ಟೆಯ ಮೇಲೆ ನಿಂತು, "ಆ ರಬ್ಬರ್ ವಾಸನಿ ಕೈ ಹಿಡದಾಕಿ ಕೈಯಾಗಿನ ತಂಬಾಕ ನಾನು ಇನ್ನ ಮುಟ್ಟಿದ್ರ ಕೇಳ್ರಿ" ಅಂದಳು. ಅಂದದ್ದನ್ನು ನಡೆಸಿದಳು. ಮೊಮ್ಮಗ ಹುಟ್ಟಿದಾಗ ಬರಲಿಲ್ಲ. ಹುಟ್ಟಿದ ಮಗು ಜ್ವರಕ್ಕೆ ಹೋದಾಗಲೂ ಬರಲಿಲ್ಲ.

ತಂಬಾಕಿನ ಮಾತು ಬರೀ ಮಾತಲ್ಲ. ಗಡ್ಡೆಯ ಅಂಬಿಗರಲ್ಲಿ ಮುನಿಸು ಮುರಿಯುವುದೇ ತಂಬಾಕಿನಿಂದ. ತಪ್ಪು ಮಾಡಿದವರು ತಮ್ಮ ಮನೆಯ ತಂಬಾಕನ್ನು ತಮ್ಮದೇ ಅಂಗೈಯಲ್ಲಿ ಸುಣ್ಣ ಹಚ್ಚಿ ತಿಕ್ಕಿ ಚಾಚಬೇಕು. ಮುನಿದವರು ಅದರಿಂದ ಒಂದು ಚಿಟಿಕೆ ತೆಗೆದು ದವಡೆಗಿಟ್ಟುಕೊಂಡರೋ, ಅಲ್ಲಿಗೆ ಎಲ್ಲಾ ಮುಗಿಯಿತು, ಆಮೇಲೆ ಯಾರೂ ಹಳೆಯದನ್ನು ಎತ್ತುವಂತಿಲ್ಲ. ಆದರೆ ತಂಬಾಕು ಒಣಗಿರಬೇಕು. ನೀರು ತಾಗಿದ ತಂಬಾಕನ್ನು ಅವರು ಬದುಕಿದ್ದವರಿಗೆ ಕೊಡುವುದಿಲ್ಲ. ಹಸಿ ತಂಬಾಕು ಹೆಣದ ಬಾಯಿಗೆ ಇಡುವುದು. ಹೊಳೆಯಲ್ಲಿ ಕೊಚ್ಚಿಹೋಗಿ ಹೆಣ ಸಿಗದಿದ್ದರೆ, ಅವರ ಹೆಸರು ಹೇಳಿ ಹೊಳೆಗೇ ಬಿಡುವುದು. ಅಂಬಿಗರ ಮಗಳಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಹೀಗಿರುವಾಗ ಹಡಗಲಿ ಕಡೆಯ ಬಸ್ಸಿನ ಕಂಡಕ್ಟರ್ ಒಬ್ಬ ಕೂಡ್ಲಿಗಿ ಸ್ಟ್ಯಾಂಡಿನ ಪಕ್ಕೀರಪ್ಪನ ಸೈಕಲ್ ಅಂಗಡಿ ಮುಂದೆ ನಿಂತು ಹುಲುಗಣ್ಣನ ಮಾತು ಮುಟ್ಟಿಸಿದ: "ನಿಮ್ಮತ್ತಿ ಹಾಸಿಗಿ ಹಿಡದಾಳಂತಪ್ಪ. ತಂಬಾಕ ತಂಬಾಕ ಅಂತ ಬಡಬಡಿಸಾಕತ್ಯಾಳಂತ."

ಗಾಳೆಮ್ಮ ಒಲೆಯ ಮೇಲಿನ ರೊಟ್ಟಿ ಹಾಗೇ ಬಿಟ್ಟು ಎದ್ದಳು. "ಕರದಾಳ್ರೀ! ನಮ್ಮವ್ವ ನನ್ನ ಕರದಾಳ!" ಅಂತ ಅಂಗಡಿಯಲ್ಲಿ ಗಿರಾಕಿಗಳು ಇರುವಾಗಲೇ ಗಂಡನ ತೋಳು ಹಿಡಿದು ಅತ್ತಳು. ಪಕ್ಕೀರಪ್ಪ ಒಳ್ಳೆಯವನು, ಮಾತು ಕಡಿಮೆ. ಹಿತ್ತಲಲ್ಲಿ ಬೆಳೆದು ಅವಳೇ ಹದ ಮಾಡಿದ್ದ ಎಲೆಯನ್ನು ಟ್ಯೂಬಿನ ತುಂಡಿನೊಳಗೆ ತುಂಬಿ, ಎರಡೂ ಬಾಯಿ ಮಡಿಚಿ ಕಟ್ಟಿ, ಪಂಕ್ಚರ್ ನೋಡುವ ಬಾಣಲೆಯ ನೀರಲ್ಲಿ ಮುಳುಗಿಸಿ ಹಿಡಿದ. "ಒಂದ ಗುಳ್ಳಿ ಎದ್ದಿಲ್ಲ ನೋಡು. ಹೊಳಿಯಾಗ ಬಿದ್ರೂ ಹನಿ ಹೋಗಂಗಿಲ್ಲ" ಅಂದ. ಅತ್ತೆಯ ಮುಖವನ್ನೇ ಕಾಣದ ಅಳಿಯ ಅಷ್ಟು ಮಾಡಿ ಹೆಂಡತಿಯನ್ನು ಬಸ್ಸು ಹತ್ತಿಸಿದ.

ದಂಡೆಯ ಹುಣಸೆಮರದ ಕೆಳಗೆ ಹುಲುಗಣ್ಣ ಹರಿಗೋಲು ಬೋರಲು ಹಾಕಿಕೊಂಡು ಕೂತಿದ್ದ. ಸಂತೆಗೆಂದು ಈ ಕಡೆ ದಾಟಿ ಬಂದವನು ಹೊಳೆ ಏರಿದ್ದರಿಂದ ಇಲ್ಲೇ ಸಿಕ್ಕಿಬಿದ್ದಿದ್ದ. ಪಕ್ಕದಲ್ಲಿ ಗಡ್ಡೆಯವರ ಉಪ್ಪಿನ ಚೀಲ, ಸೀಮೆಎಣ್ಣೆ ಡಬ್ಬಿ. ಚಪ್ಪರದ ಗಳ ಕಡಿದಿದ್ದ ಆ ಕೈಗಳನ್ನು ಗಾಳೆಮ್ಮ ಅಷ್ಟು ವರ್ಷಗಳ ಮೇಲೆ ನೋಡುತ್ತಿದ್ದಳು.

ಅವನೇ ಬಾಯಿ ಬಿಟ್ಟ. "ಬಂದಿಯಾ. ದಪ್ಪ ಆಗೀಯಲ್ಲೇ."

"ಮಾವ, ಅವ್ವ ಹೆಂಗದಾಳ?"

"ನಾನು ದಾಟಿ ಬರಾಗ ಇದ್ಲು. ಈಗ ಹೆಂಗ ಹೇಳ್ಲಿ? ನೀರು ಇಳೀಲಿ, ನಾಳಿ ನಾಡದು ನೋಡೋಣು."

"ನಾಳಿತನಕ ಆಕಿ ಇರ್ತಾಳೇನು? ಇವತ್ತ ದಾಟ್ಸು."

"ಹುಚ್ಚು ಹಿಡದೈತೇನು ನಿನಗ? ಎಮ್ಮಿಗುಂಡಿನ ತಾವ ನೀರು ಹೆಂಗ ಕುದಿಯಾಕತ್ತೈತಿ ನೋಡಲ್ಲಿ. ಅಂಬಿಗರ ಹೊಟ್ಟ್ಯಾಗ ಹುಟ್ಟಿದಾಕಿ ಕೇಳೋ ಮಾತಲ್ಲ ಇದು."

ಎಮ್ಮಿಗುಂಡು ಅಂದರೆ ಗಡ್ಡೆಯ ಮೇಲುಗಡೆ ಹೊಳೆಗೆ ಅಡ್ಡ ಮಲಗಿದ ಬಂಡೆಗಳ ಸಾಲು. ಅಲ್ಲಿ ಕೆಂಪು ನೀರು ಬೆಳ್ಳಗೆ ನೊರೆಯಾಗಿ ಆಳೆತ್ತರ ಹಾರುತ್ತಿತ್ತು. ಗಡ್ಡೆಗೆ ಹೋಗಲು ಬೇರೆ ದಾರಿಯಿಲ್ಲ. ಮೇಲಿನಿಂದ ಹರಿಗೋಲು ಬಿಟ್ಟು, ಬಂಡೆಗಳ ನಡುವಿನ ಸಂದಿಯಲ್ಲಿ ತೂರಿಸಿ, ಸೆಳವು ಸುತ್ತು ಹಾಕುವ ಕಡೆ ಗಡ್ಡೆಗೆ ಹಚ್ಚಬೇಕು. ಹಚ್ಚುವುದು ತಪ್ಪಿದರೆ ಹಂಪಸಾಗರದ ಹಿನ್ನೀರಿನಲ್ಲಿ ತೇಲಬೇಕು, ಅದೂ ಬೆನ್ನು ಮೇಲಾಗಿ.

ಗಾಳೆಮ್ಮ ಅವನ ಕಾಲು ಹಿಡಿದಳು. ಇವನನ್ನು ಬಿಟ್ಟು ಓಡಿಹೋಗಿದ್ದವಳು ಇವನ ಕಾಲನ್ನೇ ಹಿಡಿದಳು, ಏನು ಮಾಡುತ್ತೀರಿ, ಅವ್ವ ಅಂದರೆ ಅವ್ವ. ಹುಲುಗಣ್ಣ ಕಾಲು ಕಿತ್ತುಕೊಂಡು, ಹೊಳೆಯ ಕಡೆ ಬಹಳ ಹೊತ್ತು ನೋಡಿ, ಒಂದು ಕೆಟ್ಟ ಬೈಗುಳ ಬೈದು, ಹರಿಗೋಲು ನೆಟ್ಟಗೆ ಮಾಡಿದ. "ಸತ್ರ ನಿನ್ನ ಗಂಡಗ ಯಾರು ಹೇಳ್ಬೇಕು, ಅದನ್ನರ ಹೇಳಿ ಹತ್ತು" ಅಂದ.

ಆಗ ಅವಳು ಮಾಡಿದ್ದು ನೋಡಿ. ಮಡಿಲಿನಿಂದ ಟ್ಯೂಬು ತೆಗೆದು ಮೂಸಿದಳು. ಮತ್ತೆ ಮೂಸಿದಳು. ಮುಖ ಬಿಳುಚಿಕೊಂಡಿತು. ಎಲೆಗೆಲ್ಲಾ ರಬ್ಬರಿನ, ಪಂಕ್ಚರ್ ಹಚ್ಚುವ ಸಲ್ಯೂಷನ್ನಿನ ವಾಸನೆ ಹತ್ತಿತ್ತು. ಅವ್ವ ಆವತ್ತು ಕಟ್ಟೆಯ ಮೇಲೆ ನಿಂತು ಅಂದದ್ದು ಅದೇ ವಾಸನೆಯನ್ನಲ್ಲವೇ? ಅವಳು ಹಲ್ಲಿನಿಂದ ಕಟ್ಟು ಬಿಚ್ಚಿ ತಂಬಾಕನ್ನು ಸೆರಗಿಗೆ ಸುರುವಿಕೊಂಡು ಗಾಳಿಗೆ ಹಿಡಿದಳು. ಹನಿ ನೀರು ಹೋಗದಂತೆ ಗಂಡ ಕಟ್ಟಿಕೊಟ್ಟದ್ದನ್ನು ಹೊಳೆಯ ದಂಡೆಯಲ್ಲೇ ಬಿಚ್ಚಿ ಕೂತಳು! ಬೇರೆ ಯಾರಾದರೂ ನೋಡಿದ್ದರೆ ಹುಚ್ಚಿ ಅನ್ನುತ್ತಿದ್ದರು.

ಹುಲುಗಣ್ಣ ಹುಚ್ಚಿ ಅನ್ನಲಿಲ್ಲ. ಅವನಿಗೆ ಅರ್ಥವಾಯಿತು. "ಮಡಿಲಾಗ ಇಟ್ಟಕಂಡ್ರ ಹನಿ ನೀರಿಗೇ ಹೋತು" ಅಂದು ತಲೆಯ ರುಮಾಲು ಬಿಚ್ಚಿದ. ಅಂಬಿಗರು ತಂಬಾಕು ಕಟ್ಟುವುದು ನೆತ್ತಿಯ ಮೇಲೆ, ರುಮಾಲಿನ ಒಳಸುತ್ತಿನಲ್ಲಿ. ಮನುಷ್ಯ ಮುಳುಗುವಾಗ ಕೊನೆಗೆ ಒದ್ದೆಯಾಗುವುದು ಅದೇ ಜಾಗ. "ನನ್ನ ತಲಿಗೆ ಕಟ್ಟಿದ್ರ ನಾನು ಕೊಟ್ಟಂಗಾಕೈತಿ. ನೀನ ಕಟ್ಟಕ."

"ಹೆಣ್ಮಗಳು ರುಮಾಲ ಸುತ್ತಿದ್ರ ಏನಂತಾರ ಮಾವ?"

"ಹೊಳಿಯಾಗ ನೋಡಾಕ ಯಾರದಾರ, ಮೀನ ಅದಾವು. ಸುತ್ತಕ."

ಅವಳು ಸುತ್ತಿಕೊಂಡಳು. ತನಗೆ ತಾಳಿ ಕಟ್ಟಬೇಕಾಗಿದ್ದವನ ರುಮಾಲು, ಬೆವರಿನ ವಾಸನೆ, ನಡುವೆ ಅವ್ವನಿಗೆಂದು ತಂದ ತಂಬಾಕು. ನಗುವಂತೆಯೂ ಇತ್ತು, ಅವಳಿಗೆ ನಗು ಬರಲಿಲ್ಲ.

ಹರಿಗೋಲು ನೀರಿಗೆ ಬಿದ್ದದ್ದೇ ತಡ, ಬುಗುರಿಯಂತೆ ತಿರುಗಲು ಹತ್ತಿತು. ಬಿದಿರ ಬುಟ್ಟಿಗೆ ಎಮ್ಮೆ ಚರ್ಮ ಬಿಗಿದದ್ದು, ಅದಕ್ಕೆ ಹಿಂದು ಮುಂದು ಅಂತೇನೂ ಇಲ್ಲ. ಹುಲುಗಣ್ಣ ಮಂಡಿಯೂರಿ, ಹುಟ್ಟು ಎರಡೂ ಕೈಯಲ್ಲಿ ಹಿಡಿದು, ಒಮ್ಮೆ ಈ ಕಡೆ ಒಮ್ಮೆ ಆ ಕಡೆ ನೀರನ್ನು ಕಡಿಯುತ್ತಿದ್ದ. ದಂಡೆಯ ಹುಣಸೆಮರ ಒಂದು ಸಲ ಎಡಕ್ಕೆ ಕಂಡಿತು, ಒಂದು ಸಲ ಬಲಕ್ಕೆ ಕಂಡಿತು, ಆಮೇಲೆ ಕಾಣಲೇ ಇಲ್ಲ. ಗಾಳೆಮ್ಮನ ಕೈಗೆ ನೀರು ಮೊಗೆಯಲು ಒಂದು ಡಬ್ಬಿ ಕೊಟ್ಟಿದ್ದ. ಮೊದಮೊದಲು ಮೊಗೆದಳು. ಎಮ್ಮಿಗುಂಡಿನ ಸದ್ದು ಹತ್ತಿರವಾಯಿತು. ಮೊದಲ ತೆರೆ ಹರಿಗೋಲಿನ ಅಂಚು ಹಾರಿ ಅವಳ ಎದೆಗೆ ಬಡಿಯಿತು. ಡಬ್ಬಿ ಬಿಟ್ಟು ಎರಡೂ ಕೈಯಿಂದ ತಲೆಯನ್ನು ಅಮುಕಿ ಹಿಡಿದುಕೊಂಡಳು.

"ಲೇ ಗಾಳಿ, ನೀರು ಮೊಗಿಯೇ!" ಹುಲುಗಣ್ಣ ಕೂಗಿದ. "ತಲಿ ಹಿಡಕಂಡು ಕುಂತೀಯಲ್ಲ, ತಲೀನ ಹೋದ ಮ್ಯಾಲೆ ತಂಬಾಕ ಯಾರಿಗೆ ತಿನ್ನಸ್ತೀ!"

"ನೆನೀತೈತಿ ಮಾವ!"

"ನೆನೀಲಿ! ನಾವು ಉಳೀಬೇಕಲ್ಲ!"

"ಇದು ನೆನದ್ರ ನಾನು ಉಳದ್ರೆಷ್ಟು ಬಿಟ್ರೆಷ್ಟು!"

ಅವಳು ಸುಮ್ಮನೆ ಬಾಯಿಗೆ ಬಂದದ್ದು ಅಂದದ್ದಲ್ಲ. ಅವಳ ಮಗು ಸತ್ತಾಗ ಎತ್ತಿಕೊಂಡು ಅಳಲು ಒಂದು ಮಡಿಲು ಸಿಕ್ಕಿರಲಿಲ್ಲ. ಪಕ್ಕದ ಮನೆಯ ಕರಿಯಕ್ಕ ಬಂದು ಬೆನ್ನು ಸವರಿದ್ದಳು, ಆದರೆ ಅದು ಕರಿಯಕ್ಕನ ಕೈ. ಆವತ್ತಿನಿಂದ ಅವಳು ಪ್ರತಿ ವರ್ಷ ಹಿತ್ತಲಲ್ಲಿ ತಂಬಾಕು ಹಾಕಿ, ಹದ ಮಾಡಿ, ಕಟ್ಟಿಟ್ಟು, ಯಾರಿಗೂ ಕೊಡದೆ ಹುಳ ಹಿಡಿಸುತ್ತಿದ್ದಳು. ಈ ವರ್ಷದ್ದು ನೆತ್ತಿಯ ಮೇಲಿತ್ತು.

ಎರಡನೇ ತೆರೆಗೆ ಹರಿಗೋಲು ಅರ್ಧ ತುಂಬಿತು. ಉಪ್ಪಿನ ಚೀಲ ಕರಗುತ್ತಾ ಕಾಲಡಿ ನೀರೆಲ್ಲಾ ಉಪ್ಪಾಯಿತು. ಸೀಮೆಎಣ್ಣೆ ಡಬ್ಬಿಯನ್ನು ಹುಲುಗಣ್ಣ ಒದ್ದು ಹೊಳೆಗೆ ಕೆಡವಿದ. ಹರಿಗೋಲು ಬಂಡೆಯ ಸಂದಿಗೆ ಅಡ್ಡ ನುಗ್ಗಿತು, ಬಿದಿರು ಲಟಕ್ಕನೆ ಮುರಿದ ಸದ್ದಾಯಿತು. ಅವಳು ಒಂದು ಕೈ ತಲೆಯ ಮೇಲೆ ಬಿಟ್ಟು ಇನ್ನೊಂದರಲ್ಲಿ ಮೊಗೆದಳು, ಬೊಗಸೆಯೂ ಅಲ್ಲ, ಬರಿಗೈ. ಗಂಗಮ್ಮನಿಗೆ ಹರಕೆ ಹೊತ್ತಳು, ಬೈದಳು, ಮತ್ತೆ ಹರಕೆ ಹೊತ್ತಳು. ಹುಲುಗಣ್ಣ ಹುಟ್ಟನ್ನು ಬಂಡೆಗೆ ಕೊಟ್ಟು ಮೈಯೆಲ್ಲಾ ಹಾಕಿ ತಳ್ಳಿದ. ಹರಿಗೋಲು ಬಿಡಿಸಿಕೊಂಡು ಸುತ್ತು ನೀರಿಗೆ ಬಿತ್ತು, ಸುತ್ತಿತು, ಗಡ್ಡೆಯ ಕಡೆ ವಾಲಿತು. ಅವನು ಹಗ್ಗ ಹಿಡಿದು ನೀರಿಗೆ ಹಾರಿ, ಬೇವಿನ ಬೇರು ಸಿಕ್ಕ ಕೂಡಲೇ ಬಿಗಿದ. ಅವನ ಅಂಗೈ ಹರಿದು ರಕ್ತ ಬರುತ್ತಿತ್ತು.

ದಡಕ್ಕೆ ಬಿದ್ದವಳೇ ಗಾಳೆಮ್ಮ ರುಮಾಲು ಬಿಚ್ಚಿದಳು. ಹೊರಸುತ್ತು ಹಿಂಡುವಷ್ಟು ಒದ್ದೆ. ಅದರೊಳಗಿನದು ತಣ್ಣಗೆ. ಅದರೊಳಗಿನದು ಬೆಚ್ಚಗೆ. ಕೊನೆಯ ಮಡಿಕೆಯಲ್ಲಿ ತಂಬಾಕು ಬೆರಳಿಗೆ ಸಿಕ್ಕಿ ಪುಡಿಪುಡಿಯಾಯಿತು. ಒಣಗಿತ್ತು! ಮೂಸಿದಳು. ಬರೀ ತಂಬಾಕಿನ ಘಾಟು. ಸೀನು ಬಂತು. ಸೀನಿ, ನಕ್ಕು, ಅತ್ತು, "ಮಾವ, ಒಣಾ ಐತಿ!" ಅಂದಳು. ಹುಲುಗಣ್ಣ ಅವಳ ಮುಖ ನೋಡದೆ ಹರಿಗೋಲಿನ ಮುರಿದ ಬಿದಿರು ಸವರುತ್ತಿದ್ದ.

ಗುಡಿಸಲ ಬಾಗಿಲಲ್ಲಿ ಹುಲುಗಣ್ಣನ ಹೆಂಡತಿ ಸುಂಕಮ್ಮ ನಿಂತಿದ್ದಳು. ಎರ್ರೆಮ್ಮನ ಗಂಜಿ ನೀರು ನೋಡಿಕೊಳ್ಳುತ್ತಿದ್ದವಳು ಇವಳೇ. ಮೊದಲು ಗಾಳೆಮ್ಮನ ಕೈಯಲ್ಲಿದ್ದ ತನ್ನ ಗಂಡನ ರುಮಾಲು ನೋಡಿದಳು, ಆಮೇಲೆ ಗಾಳೆಮ್ಮನನ್ನು ನೋಡಿದಳು, ಆಮೇಲೆ ಗಂಡನ ಬರಿಗೈ ನೋಡಿದಳು.

"ಉಪ್ಪೆಲ್ಲಿ? ಸೀಮೆಣ್ಣಿ ಎಲ್ಲಿ? ತಂಬಾಕ ಮುಗದೈತಿ, ಮುದುಕಿ ತಲಿ ತಿನ್ನಾಕತ್ಯಾಳ, ಸಂತ್ಯಾಗ ಒಂದು ಕಟ್ಟು ತಗಂಡು ಬಾ ಅಂತ ಕಳಿಸಿದ್ರ, ಈಕಿನ್ನ ತಗಂಡು ಬಂದೀಯೇನು?"

ಗಾಳೆಮ್ಮ ಹುಲುಗಣ್ಣನ ಕಡೆ ತಿರುಗಿದಳು. "ಅವ್ವ ನನ್ನ ಕರದಿಲ್ಲೇನು ಮಾವ?"

ಹುಲುಗಣ್ಣ ನೆಲ ನೋಡಿದ. "ತಂಬಾಕ ಅಂದಿದ್ದು ಖರೇ. ನಿನ್ನ ಹೆಸರು ಎತ್ತಲಿಲ್ಲ. ನಾನು ಸಂತ್ಯಾಗ ತಗಂಡಿದ್ರ ಮುಗುದು ಹೋಗ್ತಿತ್ತು. ತಗಳಲಿಲ್ಲ. ತಂಬಾಕ ನಿನ್ನ ಕೈಲೇ ಬರ್ಲಿ, ಬಾಯಿ ಚಟಕ್ಕರ ತಗಂತಾಳ ಅಂದ್ಕಂಡೆ." ಅಷ್ಟು ಹೇಳಿ, "ಹೋಗು, ಹೋಗಿ ಕೊಡು. ನಿನ್ನ ಹೆಸರು ಹೇಳಿ ಕೊಡು" ಅಂದ.

ಒಳಗೆ ಎರ್ರೆಮ್ಮ ಕೌದಿಯ ಮೇಲೆ ಒರಗಿ ಕೂತಿದ್ದಳು. ಒಂದು ಕಾಲದಲ್ಲಿ ಹುಟ್ಟು ಹಿಡಿದರೆ ಗಂಡಸರು ದಾರಿ ಬಿಡುತ್ತಿದ್ದ ಹೆಂಗಸು ಈಗ ಮುಷ್ಟಿಯಷ್ಟಾಗಿದ್ದಳು. ಎರಡೂ ಕಣ್ಣಿಗೆ ಬಿಳಿ ಪೊರೆ ಬಂದಿತ್ತು, ಕಿವಿಯೂ ಮಂದವಾಗಿತ್ತು. ಗಾಳೆಮ್ಮ ಅವಳ ಮುಂದೆ ಕೂತು, ಪಕ್ಕದಲ್ಲಿದ್ದ ಮುದುಕಿಯ ಎಲೆಅಡಿಕೆ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು, ಅಂಗೈಯಲ್ಲಿ ತಂಬಾಕು ಹಾಕಿ ತಿಕ್ಕತೊಡಗಿದಳು. ವಾಸನೆಗೆ ಮುದುಕಿಯ ಮೂಗು ಅರಳಿತು.

"ಯಾರವ್ವ ಅದು? ತಂಬಾಕ ತಂದೀಯೇನು? ಕೊಡು, ಕೊಡು, ಬಾಯಿ ಸಪ್ಪಗಾಗಿ ಸಾಯಾಕತ್ತೀನಿ."

ಗಾಳೆಮ್ಮ ಹೆಸರು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಎರ್ರೆಮ್ಮ ತಡಕಾಡಿ ಅವಳ ಅಂಗೈ ಹಿಡಿದು, ಚಿಟಿಕೆ ತೆಗೆದು ದವಡೆಗಿಟ್ಟುಕೊಂಡೇಬಿಟ್ಟಳು. ಕಣ್ಣು ಮುಚ್ಚಿದಳು. ಮುಖದ ಸುಕ್ಕೆಲ್ಲಾ ಸಡಿಲವಾಯಿತು. ತೆಗೆದುಕೊಂಡಳು! ಅವ್ವ ತೆಗೆದುಕೊಂಡಳು!

"ಆಹಾ, ಏನ ಹದಾ ಮಾಡೀಯವ್ವ! ಯಾವ ತಾಯಿ ಕಲ್ಸಿದ್ಲು? ಆಕಿ ಹೊಟ್ಟಿ ತಣ್ಣಗಿರ್ಲಿ" ಅಂದಳು ಎರ್ರೆಮ್ಮ. ಹಿಡಿದ ಕೈ ಬಿಡದೆ ಮೂಸಿದಳು. "ನಿನ್ನ ಕೈ ಹೊಳಿ ವಾಸನಿ ಬರಾಕತ್ತೈತಿ. ನಮ್ಮ ಪೈಕೀನ ಏನು?"

ಬಾಗಿಲಲ್ಲಿದ್ದ ಹುಲುಗಣ್ಣ, "ಅತ್ತೀ, ಈಕಿ..." ಅಂದ. ಗಾಳೆಮ್ಮ ತಡೆದು ತಾನೇ ಕೇಳಿದಳು: "ಅವ್ವ, ನಿನಗ ಮಗಳದಾಳಂತಲ್ಲ?"

"ಇದ್ಲು."

"ಆಕಿ ಇದನ್ನ ತಂದಿದ್ರ ತಗಂತಿದ್ದೇನು?"

ಎರ್ರೆಮ್ಮನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೂ ಚೆನ್ನಾಗಿತ್ತು. "ಸತ್ತಾಕಿ ಹೆಂಗ ತರ್ತಾಳ ತಂಗಿ? ಆಕಿ ಹೋದ ದಿನಾನ ಯಾರಿಗೂ ಹೇಳ್ದಂಗ ಹಸಿ ತಂಬಾಕ ಹೊಳಿಗೆ ಬಿಟ್ಟು, ಹೆಸರು ಹೇಳಿ, ತಲಿ ತೊಳಕಂಡೀನಿ. ಸತ್ತೋರ ಕೈಲಿಂದ ತಿಂದ್ರ ತಿಂದೋರು ಉಳೀತಾರೇನು? ಉಗುಳಿಬಿಡ್ತಿದ್ದೆ" ಅಂದಳು. ಅನ್ನುತ್ತಾ ತಂಬಾಕನ್ನು ಆ ದವಡೆಯಿಂದ ಈ ದವಡೆಗೆ ಹೊರಳಿಸಿಕೊಂಡಳು. "ನೀನು ಯಾರ ಮಗಳು ಹೇಳಲಿಲ್ಲಲ್ಲ?"

ಗಾಳೆಮ್ಮ ಹುಲುಗಣ್ಣನ ಕಡೆ ನೋಡಿದಳು, ಸುಂಕಮ್ಮನ ಕಡೆ ನೋಡಿದಳು. "ಕೂಡ್ಲಿಗಿ ಕಡ್ಯಾಕಿ ಅವ್ವ" ಅಂದಳು. "ನಿಮ್ಮ ಪೈಕಿ ಅಲ್ಲ. ಹಾದಿ ಮ್ಯಾಲೆ ಬಂದೆ."

ಹೊರಗೆ ಬಂದಾಗ ಹುಲುಗಣ್ಣ ಅವಳ ಮೇಲೆ ಹರಿಹಾಯ್ದ. "ಜೀವ ಕೈಯಾಗ ಹಿಡಕಂಡು ಬಂದು ಹೆಸರು ಹೇಳಾಕ ಆಗಲಿಲ್ಲೇನು ನಿನಗ? ಹೇಳಿಬಿಡಲೇ! ಉಗುಳಿದ್ರ ಉಗುಳ್ಲಿ!"

"ಉಗುಳಿದ್ರ ಆಕಿಗೆ ತಂಬಾಕಿಲ್ಲ, ನನಗ ಆಕಿ ಕೈ ಇಲ್ಲ" ಅಂದಳು ಗಾಳೆಮ್ಮ. "ಇರ್ಲಿ ಬಿಡು ಮಾವ. ಹಿಂಗ ಇರ್ಲಿ." ಸುಂಕಮ್ಮ ಯಾಕೋ ಬೈಯಲಿಲ್ಲ. ಒಳಗಿನಿಂದ ತನ್ನದೊಂದು ಒಣ ಸೀರೆ ತಂದು ಅವಳ ಕೈಗಿಟ್ಟಳು.

ಹೊಳೆ ಇಳಿಯುವ ತನಕ ಗಾಳೆಮ್ಮ ಗಡ್ಡೆಯಲ್ಲೇ ಉಳಿದಳು. ಅವ್ವನ ತಲೆ ಬಾಚಿದಳು, ಗಂಜಿ ಕುಡಿಸಿದಳು, ಕೇಳಿದಾಗಲೆಲ್ಲಾ ಅಂಗೈಯಲ್ಲಿ ತಂಬಾಕು ತಿಕ್ಕಿ ಚಾಚಿದಳು. ಎರ್ರೆಮ್ಮ ಪ್ರತಿ ಸಲ ತೆಗೆದುಕೊಂಡು ಪ್ರತಿ ಸಲ ಹರಸಿದಳು. ಯಾವ ಊರ ತಾಯಿ ಹೆತ್ತಳೋ ಇಂಥವಳನ್ನು ಅಂತ ಸುಂಕಮ್ಮನ ಮುಂದೆ ಹೊಗಳಿದಳು. ಆ ಹೊಗಳಿಕೆ ಕೇಳುವಾಗ ಗಾಳೆಮ್ಮ ಎದ್ದು ಹಿತ್ತಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ನಿಲ್ಲುತ್ತಿದ್ದಳು. ದಿನಕ್ಕೆ ಎಷ್ಟೋ ಸಲ ಹೇಳಿಬಿಡಬೇಕು ಅನಿಸುತ್ತಿತ್ತು, ಅಷ್ಟೇ ಸಲ ನುಂಗಿಕೊಂಡಳು.

ನೀರು ಇಳಿದು ಎಮ್ಮಿಗುಂಡಿನ ಬೆನ್ನು ಕಂಡ ದಿನ ಹುಲುಗಣ್ಣ ಹರಿಗೋಲಿಗೆ ಹೊಸ ಬಿದಿರು ಹಾಕಿ ಸಿದ್ಧ ಮಾಡಿದ. ಗಾಳೆಮ್ಮ ಉಳಿದ ತಂಬಾಕನ್ನೆಲ್ಲಾ ಮುದುಕಿಯ ಸಂಚಿಗೆ ತುಂಬಿ, ಕಾಲು ಮುಟ್ಟಿ ನಮಸ್ಕರಿಸಿದಳು. ಎರ್ರೆಮ್ಮ ಅವಳ ತಲೆ ತಡವಿದಳು, ಕೆನ್ನೆ ತಡವಿದಳು, ಕೈಗೆ ಕಣ್ಣೀರು ಹತ್ತಿತು.

"ಅಳ್ತೀಯಾಕವ್ವ ಹುಚ್ಚಿ? ಬೇರೇರ ಮನ್ಯಾಗ ಎಷ್ಟು ದಿನಾ ಇರ್ತಿ" ಅಂದಳು. "ಹೋಗು, ಲಗೂನ ಹೋಗು. ನಿಮ್ಮವ್ವ ಹಾದಿ ನೋಡ್ತಿರ್ತಾಳ."

"ಹೂಂನವ್ವ" ಅಂದು ಗಾಳೆಮ್ಮ ಎದ್ದಳು.